ಲ್ಯಾಂಡ್‌ಮಾಸ್ಟರಿಗೆ ನಾನು ಕಟ್ಟಿದ ಎರಡು ಬೆಲೆ

ಇಡೀ ಕೊಟ್ಟೂರಿನಲ್ಲಿ ಯಾವ ವಸ್ತುವಿಗೆ ಎಷ್ಟು ಬೆಲೆ ಎಂದು ಬರೀ ಕಣ್ಣಿನಿಂದ ನೋಡಿ ಹೇಳಬಲ್ಲ ಏಕೈಕ ಮಹಾಪುರುಷ ನಾನು! ಬಸ್ ಸ್ಟ್ಯಾಂಡಿನ ಹತ್ತಿರ ಪಾತ್ರೆ ಅಂಗಡಿ ಇಟ್ಟು ಕೂದಲು ನೆರೆಸಿಕೊಂಡಿದ್ದೇನೆ. ಹಳೇ ಹಿತ್ತಾಳೆ ಕೊಡ ಮಾರಲು ಬಂದವರು ಅದನ್ನು ಕಂಕುಳಿನಿಂದ ಇಳಿಸುವ ಮೊದಲೇ ನಾನು ಬೆಲೆ ಹೇಳಿ, ಅವರು ಇಳಿಸದೇ ವಾಪಸು ಹೋಗುವಂತೆ ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ಇಂಥ ನನಗೆ ಒಂದು ಹಳೇ ಕಾರಿಗೆ ಬೆಲೆ ಕಟ್ಟುವುದು ಯಾವ ಲೆಕ್ಕ ಹೇಳಿ?

ಕಾರು ನನ್ನ ಮಾವ ಹಾಲಸ್ವಾಮಿಯವರದು. ಅವರ ತಂದೆ ಕೊಂಡ ಲ್ಯಾಂಡ್‌ಮಾಸ್ಟರ್. ಒಂದು ಕಾಲಕ್ಕೆ ಅವರೂರು ಚಿಗಟೇರಿಯ ರಸ್ತೆಯಲ್ಲಿ ಅದು ಬಂತೆಂದರೆ ಎತ್ತಿನ ಗಾಡಿಗಳು ಪಕ್ಕಕ್ಕೆ ಸರಿಯುತ್ತಿದ್ದವಂತೆ. ನಾನು ಅಳಿಯನಾಗಿ ಕಾಲಿಡುವಷ್ಟರಲ್ಲಿ ಅದೇ ದನದ ಕೊಟ್ಟಿಗೆಯ ಮೂಲೆಗೆ ಸರಿದಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಬಾಣಂತನ ಮಾಡಿಕೊಳ್ಳುತ್ತಿದ್ದವು.

ಮೊನ್ನೆ ನನ್ನ ಹೆಂಡತಿ ಅರ್ಚನಾಳ ತಮ್ಮ ಪ್ರವೀಣಕುಮಾರ್ ಫೋನು ಮಾಡಿದ.

"ಮಾಮಾ, ಕೊಟ್ಟಿಗಿ ಕೆಡವಿ ಹೊಸಾದು ಕಟ್ಟಿಸಾಕತ್ತೀವಿ. ಆ ಕಾರು ಗುಜರಿಗೆ ಹಾಕ್ತೀನಿ. ನಿಮಗ ಬೇಕಂದ್ರ ಒಯ್ಯಿರಿ."

"ಗುಜರಿಗಾ? ಏ ಮಾರಾಯ, ಅದೇನು ಅಂತ ಗೊತ್ತೈತೇನು ನಿನಗ? ಮುಟ್ಟಬ್ಯಾಡ! ನಾನ ಬರ್ತೀನಿ!"

ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಕಾರಿನ ಸವಾರಿ ಕೊಟ್ಟೂರಿಗೆ ಬಂತು. ಮನೆ ಮುಂದೆ ಇಳಿಸುವಷ್ಟರಲ್ಲಿ ಅರ್ಚನಾ ಬಕೆಟ್ಟು, ಕಸಬರಿಗೆ ಹಿಡಿದು ರಣಚಂಡಿಯಂತೆ ನಿಂತಿದ್ದಳು.

"ಹಿಂದಕ್ಕ ಸರಿ! ಆ ಧೂಳು ಒರಿಜಿನಲ್!" ಎಂದು ಕೂಗಿದೆ.

"ಹೌದಾ? ಈ ಕೋಳಿ ಪುಕ್ಕ?"

"ಅದೂ ಇರಲಿ. ನಾನು ಮೊಬೈಲಿನ್ಯಾಗ ಎಲ್ಲಾ ನೋಡೀನಿ. ರಿಪೇರಿ ಮಾಡಿಸದ, ಬಣ್ಣ ಬಳಿಯದ ಹಳೇ ಕಾರಿಗೇ ಬೆಲಿ ಜಾಸ್ತಿ. ತುಕ್ಕು ಹೆಚ್ಚಿದಷ್ಟೂ ಕಿಮ್ಮತ್ತು!"

"ಹಂಗಾದ್ರ ನಮ್ಮ ಮನಿ ಹಿತ್ತಲ ಗೋಡಿಗೆ ಕೋಟಿ ಬರಬೇಕ್ರಿ. ನಾನು ಬಂದಾಗಿನಿಂದ ಸುಣ್ಣ ಕಂಡಿಲ್ಲ ಅದು."

ಇಂಥ ಮಾತಿಗೆಲ್ಲ ತಜ್ಞರು ಉತ್ತರ ಕೊಡುವುದಿಲ್ಲ. ನಾನು ಮೊಬೈಲ್ ಹಿಡಿದು ಮೌಲ್ಯಮಾಪನಕ್ಕೆ ಕುಳಿತೆ. ವಿದೇಶದಲ್ಲಿ ಯಾರೋ ಒಬ್ಬ ಬಣವೆಯ ಕೆಳಗೆ ಸಿಕ್ಕ ಕಾರನ್ನು ಮಾರಿ ಬಂಗಲೆ ಕಟ್ಟಿದ್ದ. ಅವನ ಕಾರಿಗೆ ಬಾಗಿಲೇ ಇರಲಿಲ್ಲ. ನಮ್ಮದಕ್ಕೆ ಮೂರು ಇದ್ದವು! ಮರುದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ನಾನು ಎರಡು ಲಕ್ಷ ಎಂದೆ. ಕಟಿಂಗ್ ಶಾಪಿನಲ್ಲಿ ನನ್ನ ಕೂದಲು ಇಳಿಯುತ್ತಿದ್ದಂತೆ ಕಾರಿನ ಬೆಲೆ ಏರಿ ಹತ್ತಕ್ಕೆ ಬಂತು. ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತವರು "ಸುಮ್ಮನಿರೋ ಮಾರಾಯ" ಎಂದು ನಕ್ಕದ್ದಕ್ಕೆ ಸಿಟ್ಟು ಬಂದು ಇಪ್ಪತ್ತೈದು ಲಕ್ಷ ಮಾಡಿಬಿಟ್ಟೆ. ನನ್ನ ಮಾತು ರಾತ್ರಿಯ ಕೊನೇ ಬಸ್ಸಿಗೆ ಹರಪನಹಳ್ಳಿ ಮುಟ್ಟಿ, ಮುಂಜಾನೆಯ ಮೊದಲ ಬಸ್ಸಿಗೆ ಚಿಗಟೇರಿಗೆ ಹೋಯಿತೆಂದು ಆಮೇಲೆ ತಿಳಿಯಿತು.

ದಾವಣಗೆರೆಯಲ್ಲಿ ಹಳೇ ಕಾರು ಕೊಳ್ಳುವ ಅರುಣಕುಮಾರ್ ಎಂಬುವವರಿಗೂ ಸುದ್ದಿ ಮುಟ್ಟಿ, ಭಾನುವಾರ ಅವರು ಕಾರು ಸಾಗಿಸುವ ಲಾರಿಯ ಸಮೇತ ಬಂದರು. ಲಾರಿ ನಮ್ಮ ಓಣಿಗೆ ಹಿಡಿಸದೆ ಮೇನ್ ರೋಡಿನಲ್ಲೇ ನಿಂತಿತು. ಅವರು ಹೆಚ್ಚು ಮಾತಿನ ಮನುಷ್ಯರಲ್ಲ. ಒಂದು ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು, ಕಾರಿನ ಕೆಳಗೆ ತೂರಿಕೊಂಡರು. ಹೊರಗೆ ಅವರ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ನಾನು ಆ ಪಾದಗಳ ಮುಂದೆ ಭಕ್ತಿಯಿಂದ ಕೂತು ಭಾಷಣ ಶುರು ಮಾಡಿದೆ.

"ಚಾಸಿ ನೋಡ್ರಿ ಸರ, ವಜ್ರ! ಇಂಜಿನ್ನು ಮೀಸಲು ಮುರಿದಿಲ್ಲ! ಇಪ್ಪತ್ತೈದರ ಕೆಳಗ ಮಾತ ಬ್ಯಾಡ!"

ಪಾದಗಳು ಇನ್ನೊಂದು ಗೇಣು ಒಳಗೆ ಸರಿದವು.

ಆಗಲೇ ಓಣಿಯ ತಿರುವಿನಲ್ಲಿ ಒಂದು ಆಟೋ ಕಾಣಿಸಿತು. ಅದರಿಂದ ಗರಿಗರಿ ಧೋತ್ರ, ಹೊಸ ಟವೆಲ್ ಸಮೇತ ನನ್ನ ಮಾವ ಇಳಿದರು! ಮೊಮ್ಮಕ್ಕಳ ನಾಮಕರಣಕ್ಕೂ ಮಾಸಿದ ಧೋತ್ರದಲ್ಲಿ ಬಂದ ಮನುಷ್ಯ ಇಷ್ಟು ಸಿಂಗಾರವಾಗಿ ಯಾಕೆ ಬರಬೇಕು? ಪಾಲು ಕೇಳಲಿಕ್ಕೆ! ಇಪ್ಪತ್ತೈದು ಲಕ್ಷದಲ್ಲಿ ಇವರಿಗೊಂದು ಪಾಲು, ಪ್ರವೀಣನಿಗೊಂದು ಪಾಲು, ಕೋಳಿ ಸಾಕಿದ ಅತ್ತೆಗೊಂದು ಪಾಲು! ನಾನು ಓಡಿಹೋಗಿ ಅವರನ್ನು ಗೇಟಿನ ಹತ್ತಿರವೇ ತಡೆಯಬೇಕೆಂದಿದ್ದೆ. ಆದರೆ ಎಂಬತ್ತರ ಮುದುಕರು ನೇರವಾಗಿ ಬಂದು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತುಬಿಟ್ಟರು.

"ಏನ್ರಿ ಅಳಿಯಂದ್ರ, ಇದಕ್ಕ ಭಾಳ ಬೆಲಿ ಐತಂತ?"

"ಎಲ್ಲೀ ಬೆಲಿ ಮಾವಾರ!" ನಾನು ಹಣೆ ಬಡಿದುಕೊಂಡೆ. "ಜನ ಏನರ ಅಂತಾರ. ತೂಕಕ್ಕ ಹಾಕಿದ್ರ ಐದು ಸಾವಿರ ಬಂದ್ರ ಹೆಚ್ಚು. ಇಂಜಿನ್ನಿನ್ಯಾಗ ಇಲಿ ಸಂಸಾರ ಹೂಡ್ಯಾವ. ಚಾಸಿ ಅಂತೂ ಹಪ್ಪಳ ಆಗೇತಿ ಹಪ್ಪಳ!"

ಕಾರಿನ ಕೆಳಗೆ ಅಲ್ಲಾಡುತ್ತಿದ್ದ ಪಾದಗಳು ಗಪ್ಪನೆ ನಿಂತವು.

ಮಾವನವರ ಮುಖ ಇಳಿದುಹೋಯಿತು. ಟವೆಲ್ಲಿನಿಂದ ಬಾನೆಟ್ಟಿನ ಧೂಳನ್ನು ಸುಮ್ಮನೆ ಒರೆಸಿದರು. ಒರಿಜಿನಲ್ ಧೂಳೆಂದು ಈ ಸಲ ನಾನು ಕೂಗಲಿಲ್ಲ.

"ಚಿಗಟೇರ್ಯಾಗ ಎಲ್ಲಾರಿಗೂ ಹೇಳಿ ಬಂದೆ ನೋಡ್ರಿ," ಎಂದರು. "ಮಗ ಗುಜರಿ ಅಂದ, ಅಳಿಯ ಬೆಲಿ ತಿಳದಾನ ಅಂತ. ನಿಮ್ಮ ಅರ್ಚನಾ ಹುಟ್ಟಿದಾಗ ಹರಪನಹಳ್ಳಿ ಆಸ್ಪತ್ರಿಯಿಂದ ತಾಯಿ-ಮಗಳನ್ನ ಇದ್ರಾಗ ಕರ್ಕೊಂಡು ಬಂದಿದ್ದೆ. ಕೂಸು ಎದ್ದೀತು ಅಂತ ದಾರಿ ತುಂಬ ಹಾರ್ನ್ ಹೊಡೆದಿದ್ದಿಲ್ಲ."

ಚಹಾದ ತಟ್ಟೆ ಹಿಡಿದು ಬಂದ ಅರ್ಚನಾ ಬಾಗಿಲಲ್ಲೇ ನಿಂತಳು. ಮಾವ ಬನಿಯನ್ನಿನ ಒಳಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಆರ್‌ಸಿ ಬುಕ್ಕನ್ನು ತೆಗೆದರು.

"ಗಾಡಿ ನನ್ನ ಹೆಸರಿನ್ಯಾಗ ಐತಿ. ಮಾರಬೇಕಂದ್ರ ನಿಮಗ ತೊಂದ್ರಿ ಆದೀತು, ಸಹಿ ಮಾಡಿ ನಿಮ್ಮ ಕೈಯಾಗ ಕೊಟ್ಟು ಹೋಗೋಣ ಅಂತ ಬಂದಿದ್ದೆ. ಬಂದ ದುಡ್ಡೆಲ್ಲ ನೀವ ಇಟ್ಕೋರಿ ಅನ್ನಾಕ. ಬೆಲೀನ ಇಲ್ಲಂದಮ್ಯಾಲ ನಿಮಗ್ಯಾಕ್ರಿ ಇದರ ಭಾರ? ತಗೋವಾ ಅರ್ಚನಾ, ನಿನ್ನ ಹೆಸರಿಗೆ ಇರಲಿ."

"ಮಾವಾರ! ಮಾವಾರ! ನಾನು ಅಂದದ್ದು ಏನಂದ್ರ..."

"ಹೌದು ಸರ, ಅದೇನಂತ ನನಗೂ ಹೇಳ್ರಿ." ಕಾರಿನ ಕೆಳಗಿನಿಂದ ಅರುಣಕುಮಾರ್ ಹೊರಬಂದರು. "ನಾನು ಒಳಗೆ ಹೋಗುವಾಗ ಚಾಸಿ ವಜ್ರ ಇತ್ತು. ಹೊರಗೆ ಬರೋದ್ರಾಗೆ ಹಪ್ಪಳ ಆಯ್ತಲ್ಲ?"

"ವಜ್ರದ ಹಪ್ಪಳ ಇರಬೇಕ್ರಿ," ಎಂದಳು ಅರ್ಚನಾ, ಆರ್‌ಸಿ ಬುಕ್ಕನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ.

ಬೆಲೆ ಕಟ್ಟಲು ಹೋಗಿ ನನಗೆ ನಾನೇ ಬಲೆ ಕಟ್ಟಿಕೊಂಡಿದ್ದೆ! ಅರುಣಕುಮಾರ್ ನನ್ನ ಕಡೆ ಬೆನ್ನು ಮಾಡಿ ಹೊಸ ಯಜಮಾನಿಯ ಜತೆ ಮಾತಿಗೆ ನಿಂತರು. ಚಾಸಿ ಗಟ್ಟಿಯಿದೆ, ತಳದ ತಗಡು ಹೋಗಿದೆ, ಇಂಜಿನ್ ಬಿಚ್ಚಬೇಕು. ಎರಡೂವರೆ ಲಕ್ಷ ಕೊಡುತ್ತೇನೆ ಎಂದರು. ಅವಳು ಒಂದೇ ಒಂದು ಮಾತು ಆಡದೆ ಚಹಾ ಕೊಟ್ಟು, ಬಿಸಿ ಮಂಡಕ್ಕಿ ಒಗ್ಗರಣೆ ಕೊಟ್ಟು, ಮೆಣಸಿನಕಾಯಿ ಬಜ್ಜಿ ಕೊಟ್ಟು, ಕಡೆಗೆ "ಮೂರು ಮಾಡಿಬಿಡ್ರಿ ಅಣ್ಣಾರ" ಎಂದಳು. ಬಾಯಿ ತುಂಬ ಬಜ್ಜಿ ಇದ್ದ ಮನುಷ್ಯ ಇಲ್ಲ ಎನ್ನುವುದು ಹೇಗೆ? ಅವರು ಹೂಂ ಎಂದು ತಲೆಯಾಡಿಸಿದರು.

"ಮೂರು ಲಕ್ಷ!" ಮಾವ ಎದ್ದು ನಿಂತರು. "ಅಂದ್ರ ಬೆಲಿ ಐತಲ್ಲ ಮತ್ತ!" ಆ ಮುಖದ ಮೇಲಿನ ಬೆಳಕು ಕಂಡು, ಸತ್ಯ ಹೇಳುತ್ತೇನೆ, ನನಗೆ ಒಂದು ಕ್ಷಣ ನನ್ನ ಮೇಲೇ ಅಸಹ್ಯ ಹುಟ್ಟಿತು. ಆಮೇಲೆ ಮೂರು ಲಕ್ಷ ನೆನಪಾಗಿ ಹೊಟ್ಟೆ ಉರಿಯಿತು.

ಈಗ ಕಾರನ್ನು ಮೇನ್ ರೋಡಿನ ಲಾರಿಯವರೆಗೆ ಮುಟ್ಟಿಸಬೇಕಿತ್ತು. ಚಕ್ರಕ್ಕೆ ಗಾಳಿ ತುಂಬಿದ್ದಾಯಿತು. ಕಡೇ ಸಲ ನಾನೇ ನಡೆಸಿಕೊಂಡು ಹೋಗುತ್ತೇನೆ ಎಂದು ಮಾವ ಸ್ಟೇರಿಂಗ್ ಹಿಡಿದು ಕೂತರು. ಪಕ್ಕದ ಸೀಟಿನಲ್ಲಿ ಅರ್ಚನಾ, ಕೂದಲಿಗೆ ಮಲ್ಲಿಗೆ ಬೇರೆ ಮುಡಿದು! ಹಿಂದೆ ತಳ್ಳಲು ಒಂದು ಕಡೆ ಲಾರಿ ಡ್ರೈವರ್, ಇನ್ನೊಂದು ಕಡೆ ನಾನು. ಮಾವ ಬಾಯಲ್ಲೇ "ಪೋಂ ಪೋಂ" ಎಂದು ಹಾರ್ನ್ ಹೊಡೆಯುತ್ತಾ, ಓಣಿಯ ಎರಡೂ ಕಡೆಗೆ ಕೈ ಬೀಸುತ್ತಾ ಹೊರಟರು. ಜನ ಮನೆಗಳಿಂದ ಹೊರಬಂದು ನಿಂತು ನೋಡಿದರು.

ಎದುರು ಮನೆಯ ನಾಗಲಿಂಗಮ್ಮ ಕಟ್ಟೆಯ ಮೇಲಿಂದ ಕೂಗಿದಳು. "ಏನ್ರಿ ಸೋಮಶೇಖರಪ್ಪಾರ, ಗಾಡಿ ತಳ್ಳಾಕ ಎಷ್ಟು ಕೊಡ್ತಾರ್ರಿ?"

ನಾನು ಬೆವರು ಒರೆಸಿಕೊಳ್ಳುವಷ್ಟರಲ್ಲಿ, ಮುಂದಿನ ಕಿಟಕಿಯಿಂದ ಮಲ್ಲಿಗೆಯ ತಲೆಯೊಂದು ಹೊರಬಂತು.

"ಕೂಲಿ ಇಲ್ಲಬೇ ನಾಗಲಿಂಗಮ್ಮ, ಊಟ ಹಾಕ್ತೀವಿ!"