ಅಧ್ಯಕ್ಷರ ಹಾಸಿಗೆ ಕೆಳಗಿನ ಅರ್ಜಿಗಳು

ಬ್ಯಾಡಗಿ ತಾಲ್ಲೂಕಿನ ಆ ಊರಿನ ಪಂಚಾಯಿತಿ ಅಧ್ಯಕ್ಷ ಹಾಲೇಶಪ್ಪನವರು ಈ ಜನ್ಮದಲ್ಲಿ ಯಾರಿಗೂ 'ಇಲ್ಲ' ಎಂದವರಲ್ಲ. ('ಹೂಂ' ಎಂದದ್ದನ್ನೂ ಯಾರೂ ಕೇಳಿಲ್ಲ.) ಬಂದ ಅರ್ಜಿಗೆ ಓದದೆಯೇ 'ಮುಟ್ಟಿದೆ' ಎಂದು ಸಹಿ ಮಾಡಿ, ಠಪ್ಪನೆ ಸೀಲು ಹೊಡೆದು, ಮನೆಗೆ ತಂದು ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗಿಬಿಡುವುದು ಅವರ ಆಡಳಿತ ಪದ್ಧತಿ. ಆರು ತಿಂಗಳಲ್ಲಿ ಅರ್ಜಿದಾರನೇ ಬೇಸತ್ತು ಸುಮ್ಮನಾಗುತ್ತಿದ್ದ.

ಅಡುಗೆಮನೆಗೊಂದು ಕಿಟಕಿ ಬೇಕೆಂದು ಹನ್ನೆರಡು ವರ್ಷಗಳಿಂದ ಕೇಳುತ್ತಿದ್ದ ಹೆಂಡತಿ ಗುತ್ತೆವ್ವನಿಗೂ ಇದೇ ಗತಿ. ಆಕೆ ಮೆಣಸಿನಕಾಯಿ ಹುರಿದಾಗಲೆಲ್ಲ ಇಡೀ ಮನೆ ಸೀನುತ್ತಿತ್ತು. ಅಧ್ಯಕ್ಷರು ಮೂಗು ಒರೆಸಿಕೊಂಡು "ನೋಡೂಣಂತ" ಎನ್ನುತ್ತಿದ್ದರು. ಈ ಭೂಮಂಡಲದಲ್ಲಿ ಅವರು ಹೆದರುತ್ತಿದ್ದದ್ದು ತಾಯಿ ಫಕ್ಕೀರವ್ವನೊಬ್ಬಳಿಗೇ. ಆದರೆ ದೂರು ಕೊಂಡೊಯ್ದರೆ ಅತ್ತೆ, "ಅವ ಒಲ್ಲೆ ಅಂದಿಲ್ಲಲ್ಲವಾ, ನಾ ಏನಂತ ಬೈಲಿ?" ಎಂದು ಕೈಚೆಲ್ಲುತ್ತಿದ್ದಳು.

ಹೀಗಿರುವಾಗ ಬ್ರಾಡ್‌ಬ್ಯಾಂಡ್ ಕಂಪನಿಯ ಅರ್ಜಿ ಬಂತು. ಟವರ್ ನಿಲ್ಲಿಸಿ ಸುತ್ತ ಬೇಲಿ ಹಾಕಲು ಪಂಚಾಯಿತಿಯ ಖುಲ್ಲಾ ಜಾಗ ಬೇಕಂತೆ. ಯಾವುದು? ಅಧ್ಯಕ್ಷರ ಮನೆಯ ಮುಂದಿನದು! ಅಪ್ಪನ ಕಾಲದಿಂದಲೂ ಅವರ ಮೆಣಸಿನಕಾಯಿ ಕೆಂಪು ಜಮಖಾನೆಯಂತೆ ಹರಡಿಕೊಂಡು ಒಣಗುತ್ತಿದ್ದ ಜಾಗ!

"ನಾ ಇರೂತನಾ ಅಲ್ಲಿ ಒಂದು ಗೂಟಾನೂ ನೆಡಗೊಡೂದಿಲ್ಲ!" ಎಂದು ಹಾಲೇಶಪ್ಪ ಮನೆಯ ಕಟ್ಟೆಯ ಮೇಲೆ ಗುಡುಗಿದರು.

"ಹಂಗಾದ್ರ ಬ್ಯಾಡಂತ ಬರದು ಕೊಡ್ರಿ," ಎಂದ ಪಂಚಾಯಿತಿ ಕಾರ್ಯದರ್ಶಿ ಚನ್ನೇಶ. "ಕಾರಣಾ ಬರೀಬೇಕಾಗತೈತಿ, ಅಷ್ಟ."

ಕಾರಣ! ಪಂಚಾಯಿತಿ ಜಾಗದಲ್ಲಿ ಅಧ್ಯಕ್ಷರ ಮೆಣಸಿನಕಾಯಿ ಒಣಗುತ್ತದೆಂದು ಸೀಲು ಹೊಡೆದು ಬರೆದುಕೊಡುವುದೇ?

"ಏನೂ ಬರಿಯೂದು ಬ್ಯಾಡ. ನನ್ನ ಹಾಸಿಗಿ ಕೆಳಗ ಹೊಕ್ಕ ಅರ್ಜಿ ಒಂದೂ ಎದ್ದು ಬಂದಿಲ್ಲ."

"ಆದ್ರ ಹೊಸಾ ಕಾಯ್ದೆದಾಗ..."

"ಕಾಯ್ದೆ ನನಗ ಕಲಸ್ತೀಯೇನಪಾ?"

ಚನ್ನೇಶ ಎದ್ದು ಹೊರಟ. ಚಹಾ ತಂದಿದ್ದ ಗುತ್ತೆವ್ವ ಮಾತ್ರ ಓಣಿಯ ತಿರುವಿನವರೆಗೂ ಅವನ ಹಿಂದೆ ಹೋಗಿ, ಆ ಕಾಯ್ದೆಯನ್ನು ಪೂರ್ತಿ ಕೇಳಿಕೊಂಡು ಬಂದಳು.

ಅರ್ಜಿ ಮುಟ್ಟಿದ ಅರವತ್ತೆಂಟನೆಯ ದಿನ ಮುಂಜಾನೆ ಕಂಪನಿಯ ಆಳುಗಳು ಲಾರಿಯಲ್ಲಿ ಬಂದು, ಮೆಣಸಿನಕಾಯಿಯನ್ನು ಮೂಟೆ ಕಟ್ಟಿ ಪಕ್ಕಕ್ಕಿಟ್ಟು, ಗುಂಡಿ ತೋಡತೊಡಗಿದರು. ಹಾಲೇಶಪ್ಪ ಹೆಲ್ಮೆಟ್ಟಿನ ಕಿರೀಟ ಧರಿಸಿ, ಮೋಟರ್‌ಸೈಕಲ್ ಏರಿ, ಕೋಟೆ ಮುತ್ತಲು ಹೊರಟ ದಳವಾಯಿಯಂತೆ ಹಾವೇರಿಗೆ ದಂಡೆತ್ತಿ ಹೋದರು.

"ಜಾಗಾ ನಿಮ್ಮ ಪಂಚಾಯಿತೀದು, ಅಧಿಕಾರಾನೂ ನಿಮ್ಮದ," ಎಂದು ಜಿಲ್ಲಾ ಕಚೇರಿಯ ಅಧಿಕಾರಿ ಸಮಾಧಾನದಿಂದ ನಿಯಮದ ಹಾಳೆ ತೋರಿಸಿದರು. "ಆದ್ರ ಅರವತ್ತೇಳು ದಿನಾ ಉತ್ತರಾ ಕೊಡಲಿಲ್ಲಂದ್ರ ಪರವಾನಗಿ ಕೊಟ್ಟಂಗ ಅಂತ ಸರ್ಕಾರ ತಿಳಕೊಂತೈತ್ರಿ. ಇಷ್ಟು ದಿನಾ ಅರ್ಜಿ ಮ್ಯಾಲೆ ಏನು ಕ್ರಮಾ ತಗೊಂಡ್ರಿ?"

ಅದರ ಮೇಲೆ ಮಲಗಿದ್ದೆ ಎನ್ನಲಾಗದೆ ಅಧ್ಯಕ್ಷರು ಹೆಲ್ಮೆಟ್ ಏರಿಸಿಕೊಂಡು ಹೊರಬಿದ್ದರು.

ಸೋತು ಮನೆಗೆ ಬಂದರೆ ಅಂಗಳದ ತುಂಬ ಇಟ್ಟಿಗೆ ಚೂರು. ಗೌಂಡಿ ಜಟ್ಟೆಪ್ಪ ಅಡುಗೆಮನೆಯ ಗೋಡೆಗೆ ಎಮ್ಮೆ ನುಗ್ಗುವಷ್ಟು ದೊಡ್ಡ ಕಿಂಡಿ ಕೊರೆದಿದ್ದ.

"ಯಾರನ್ನ ಕೇಳಿ ಒಡಿಸಿದಿ?"

"ನಿಮ್ಮನ್ನ. ಹಾಸಿಗಿ ಎತ್ತಿ ನೋಡ್ರಿ."

ಎತ್ತಿದರು. ಕಂಪನಿಯ ಅರ್ಜಿಗೆ ಅಂಟಿಕೊಂಡೇ ಇನ್ನೊಂದು ಅರ್ಜಿ, ಗುತ್ತೆವ್ವನ ದುಂಡು ಅಕ್ಷರದಲ್ಲಿ. ವಿಷಯ: ಕಿಟಕಿ. ತಾರೀಖು: ಕಂಪನಿಯ ಅರ್ಜಿಯದೇ. ಕೆಳಗೆ ತಮ್ಮದೇ ಸಹಿ, ಸೀಲು, 'ಮುಟ್ಟಿದೆ'.

"ಇದು ಟವರಿನ ಕಾಯ್ದೆ! ಮನಿಯಾಗ ನಡ್ಯೂದಿಲ್ಲ!"

"ಹಂಗಾದ್ರ ಪಂಚಾಯಿತಿ ಸೀಲ್ ಯಾಕ ಹೊಡದೀರಿ?"

ಉತ್ತರಕ್ಕೂ ಕಾಯದೆ ಆಕೆ ಸೆರಗಿನಿಂದ ಮತ್ತೊಂದು ಅರ್ಜಿ ತೆಗೆದಳು: ಒಣಹಾಕುವ ಜಾಗ ಹೋದ ಕಾರಣ, ಮೆಣಸಿನಕಾಯಿ ಮೂಟೆಗಳನ್ನು ಇನ್ನು ಮುಂದೆ ಅಧ್ಯಕ್ಷರೇ ಮಾಳಿಗೆಗೆ ಹೊರತಕ್ಕದ್ದು.

ಈ ಸಲ ಹಾಲೇಶಪ್ಪ ಮೋಸಹೋಗುವವರಲ್ಲ! ನಿಂತ ಕಾಲ ಮೇಲೆ, ಗೋಡೆಗೆ ಹಾಳೆ ಒತ್ತಿ ಹಿಡಿದು, ಜೀವಮಾನದ ಮೊದಲ ನಿರಾಕರಣೆಯನ್ನು ದಪ್ಪಕ್ಷರದಲ್ಲಿ ಬರೆದರು: 'ತಿರಸ್ಕರಿಸಲಾಗಿದೆ. ಕಾರಣ: ಸೊಂಟನೋವು.' ಬರೆದು ಮೀಸೆ ತಿರುವಿದರು.

ಗುತ್ತೆವ್ವ ಎರಡು ಸಲ ಓದಿದಳು. ಹನ್ನೆರಡು ವರ್ಷಗಳಲ್ಲಿ ಗಂಡ ಆಕೆಗೆ ಕೊಟ್ಟ ಮೊದಲ 'ಒಲ್ಲೆ' ಅದು. ಮುಖ ಅರಳಿತು. ಪಡಸಾಲೆಯ ಕಡೆ ತಿರುಗಿ ಕೂಗಿದಳು:

"ಅತ್ತೀ, ನಿಮ್ಮ ಮಗಾ ಒಲ್ಲೆ ಅಂದಾರ ನೋಡ್ರಿ! ಬರದ ಕೊಟ್ಟಾರ!"

"ಏನಂದಾ?" ಎಂದು ಫಕ್ಕೀರವ್ವ ಕನ್ನಡಕ ಏರಿಸಿಕೊಂಡು ಮೇಲ್ಮನವಿಗೆ ಕೈಚಾಚುವಷ್ಟರಲ್ಲಿ, ಮೊದಲ ಮೂಟೆ ಹೆಗಲೇರಿತ್ತು, ಅಧ್ಯಕ್ಷರು ಏಣಿಯ ನಾಲ್ಕನೆಯ ಮೆಟ್ಟಿಲ ಮೇಲಿದ್ದರು.