ಕೊಸರಿಗೆ ಬಂದ ಕೆಂಪು ನಾಜಲ್

ಜಗತ್ತಿನಲ್ಲಿ ಎರಡು ಬಗೆಯ ಜನರಿದ್ದಾರೆ. ಕೊಸರು ಕೇಳುವವರು ಮತ್ತು ಕೊಸರು ಕೇಳಲು ನಾಚಿ, ಮನೆಗೆ ಬಂದು ಹೆಂಡತಿಯಿಂದ ಬೈಸಿಕೊಳ್ಳುವವರು. ನಾನು ಮೊದಲನೆಯ ಬಗೆಯವನು ಎನ್ನಲು ನನಗೇನೂ ಸಂಕೋಚವಿಲ್ಲ. ಹಳಿಯಾಳದ ಸಂತೆಯಲ್ಲಿ ಮೆಣಸಿನಕಾಯಿ ಕೊಂಡರೆ ಕೊತ್ತಂಬರಿ, ಕೊತ್ತಂಬರಿ ಕೊಂಡರೆ ಕರಿಬೇವು, ಹೀಗೆ ಏನಾದರೊಂದನ್ನು ಮೇಲೆ ಹಾಕಿಸಿಕೊಳ್ಳದೆ ನಾನು ಚೀಲದ ಬಾಯಿ ಕಟ್ಟಿದವನಲ್ಲ. ದಾಂಡೇಲಿಯ ಶೆಡ್ಡೊಂದರಲ್ಲಿ ಲಾರಿ ತೊಳೆಯುತ್ತಿದ್ದವನು ಇವತ್ತು ನೀರು ಹೊಡೆಯುವ ಸ್ವಂತ ಮಷೀನು ಇಟ್ಟುಕೊಂಡು ಮುಂಡಗೋಡದಿಂದ ಜೋಯಿಡಾದವರೆಗೆ ಮನೆಗಳನ್ನು ತೊಳೆಯುತ್ತಿದ್ದೇನೆ. ಅದರಲ್ಲಿ ಅರ್ಧ ಪಾಲು ರಟ್ಟೆಯ ಬಲ, ಉಳಿದರ್ಧ ನಾಲಿಗೆಯ ಬಲ.

ಮನೆ ತೊಳೆಯುವುದೂ ಒಂದು ಧಂದೆಯೇ ಎಂದು ಕೇಳಬೇಡಿ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ಗೋಡೆಗಳನ್ನು ಒಮ್ಮೆ ಬಂದು ನೋಡಿ, ಹಂಚಿನಡಿಯಿಂದ ನೆಲದವರೆಗೆ ಪಾಚಿ ಹಿಡಿದು ಬಾಣಲೆಯ ತಳದಂತೆ ಕಪ್ಪಗಾಗಿರುತ್ತವೆ. ಇಂಥ ಗೋಡೆ ಕಂಡ ಕೂಡಲೇ ನೀರನ್ನು ಜೋರಾಗಿ ಹೊಡೆಯಬೇಕೆಂದು ಎಲ್ಲರಿಗೂ ಅನಿಸುತ್ತದೆ. ಅಲ್ಲೇ ಎಡವುವುದು. ನನ್ನ ಮಾತು ಕೇಳಿ: ಪೈಪಿನ ತುದಿಗೆ ಸಿಕ್ಕಿಸುವ ಆ ಹೆಬ್ಬೆರಳಿನಷ್ಟು ನಾಜಲ್ಲನ್ನು ಆರಿಸುವಾಗ ನೀರು ಎಷ್ಟು ಜೋರಾಗಿ ಬರುತ್ತದೆ ಎಂದು ಕೇಳಬೇಡಿ, ಎಷ್ಟು ಅಗಲ ಹರಡುತ್ತದೆ ಎಂದು ಕೇಳಿ. ಹಸಿರು ನಾಜಲ್ಲಿನ ನೀರು ಕಸಬರಿಗೆಯಂತೆ ಹರಡುತ್ತದೆ, ಅಂಗಳದ ಫರಸಿ ಕಲ್ಲಿಗೆ ಲಾಯಕ್ಕು. ಬಿಳಿಯದು ಇನ್ನೂ ಅಗಲ. ಇನ್ನು ಮೆತ್ತಗೆ ತೊಳೆಯುವ ನಾಜಲ್ಲಿನ ತೂತು ದೊಡ್ಡದು, ಅದರಿಂದ ಪಾಚಿ ಕೊಲ್ಲುವ ಔಷಧಿ ಬೆರೆತ ನೀರು ಜಿಟಿಜಿಟಿ ಮಳೆಯಂತೆ ಬೀಳುತ್ತದೆ. ಕೆಲಸ ಮಾಡುವುದು ಔಷಧಿ; ನಾವು ಸುಮ್ಮನೆ ಕಾಯಬೇಕು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಿಟ್ಟಿನಿಂದ ಬಡಿದರೆ ರೊಟ್ಟಿ ಅಗಲವಾಗುವುದಿಲ್ಲ, ಹರಿಯುತ್ತದೆ.

ಉಳಿದದ್ದು ಕೆಂಪು ನಾಜಲ್. ಅದರ ನೀರು ದಬ್ಬಣದಂತೆ ಒಂದೇ ಎಳೆಯಲ್ಲಿ ನುಗ್ಗಿ ಗೋಡೆಯನ್ನೇ ಕೊರೆದುಬಿಡುತ್ತದೆ. ಇದು ನನಗೆ ಬಂದದ್ದು ಹುಬ್ಬಳ್ಳಿಯ ಅಂಗಡಿಯಲ್ಲಿ. ಉಳಿದವನ್ನೆಲ್ಲ ಕೊಂಡ ಮೇಲೂ ನಾನು ಕದಲದೆ ನಿಂತಿದ್ದೆ. "ಇನ್ನೇನ್ ಬೇಕ್ರಿ?" ಎಂದ ಅಂಗಡಿಯವನು. "ಕೊಸರು" ಎಂದೆ. ಅವನು ನಿಟ್ಟುಸಿರು ಬಿಟ್ಟು, "ತಗೋರಿ ಸಾವಕಾರ್ರ, ಇದನ್ನ ಹೆಂಗೂ ಯಾರೂ ಒಯ್ಯಂಗಿಲ್ಲ" ಎಂದು ಕೆಂಪನ್ನು ಚೀಲಕ್ಕೆ ಎಸೆದ. ಗೆದ್ದೆನೆಂದು ಬೀಗುತ್ತಾ ಊರಿಗೆ ಬಂದೆ.

ತೇರಗಾಂವದ ಚನ್ನಬಸಪ್ಪನವರ ಮನೆ ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಕೆಲಸ. ಎದುರಿನ ಕಟ್ಟೆಯ ಮೇಲೆ ಆಗಲೇ ಜನ ಕುಳಿತಿದ್ದರು. ಕೆಲಸ ಮೆಚ್ಚಿದರೆ ಓಣಿಯೆಲ್ಲ ನನ್ನದು, ಕೆಟ್ಟರೆ ಆ ಕಡೆ ತಲೆ ಹಾಕುವಂತಿಲ್ಲ. ಬಾಗಿಲ ಪಕ್ಕದ ಗಾರೆಯಲ್ಲಿ ಕಪ್ಪು ಹಿಡಿದ ಮೂರು ಗೆರೆಗಳಿದ್ದವು. ಮನೆ ಕಟ್ಟಿಸಿದಾಗ, ಗಾರೆ ಇನ್ನೂ ಹಸಿಯಿರುವಾಗಲೇ, ಚನ್ನಬಸಪ್ಪನವರ ತಂದೆ ಗೋಡೆಗೂ ವಿಭೂತಿ ಇರಲೆಂದು ಮೂರು ಬೆರಳು ಒತ್ತಿ ಎಳೆದದ್ದಂತೆ. ಅವರು ಈಗಿಲ್ಲ. ಅವರ ಹೆಂಡತಿ, ಅಂದರೆ ಚನ್ನಬಸಪ್ಪನವರ ತಾಯಿ, ಗಂಗವ್ವ ಹೊಸ್ತಿಲಲ್ಲೇ ನನ್ನನ್ನು ತಡೆದರು.

"ಗ್ವಾಡಿ ತೊಳಿಯಪ್ಪಾ, ಬ್ಯಾಡನ್ನಂಗಿಲ್ಲ. ಆದ್ರ ಆ ಗೆರಿಗೆ ಏನರ ಆತಂದ್ರ ನಿನ್ನ ಮಷೀನ್ ಹಳ್ಳಕ್ಕ ಹಾಕಸ್ತೇನಿ ನೋಡು."

ನಾನಾದರೋ ನನ್ನ ಸಂಪತ್ತು ಜನರಿಗೆ ಕಾಣಲೆಂದು ಟವೆಲ್ ಹಾಸಿ ಎಲ್ಲ ನಾಜಲ್ಲುಗಳನ್ನೂ ಸಾಲಾಗಿ ಇಟ್ಟಿದ್ದೆ. ಚನ್ನಬಸಪ್ಪನವರ ಕಣ್ಣು ನೇರ ಕೆಂಪಿನ ಮೇಲೆ ಬಿತ್ತು. "ಅದನ್ನ ಹಚ್ರಿ. ಹೊಡತ ಹೆಂಗಿರಬೇಕಂದ್ರ ಮಗ್ಗಲ ಮನಿಯವ್ರು ಎದ್ದ ಹೊರಗ ಬರಬೇಕು!"

ನಾನು ಕೇಳದವನಂತೆ ಮೊದಲು ತುಳಸಿಗೆ ನೀರುಣಿಸಿ, ಮೇಲೆ ತಾಡಪತ್ರಿ ಹೊದಿಸಿದೆ. ನೀವೂ ಇದನ್ನು ಮರೆಯಬೇಡಿ, ಔಷಧಿ ಗಿಡಕ್ಕೆ ಆಗಿಬರುವುದಿಲ್ಲ. ಆಮೇಲೆ ಮೆತ್ತನೆಯ ನಾಜಲ್ ಸಿಕ್ಕಿಸಿ ಗೋಡೆಗೆ ಔಷಧಿ ಸಿಂಪಡಿಸತೊಡಗಿದೆ. ಸದ್ದಿಲ್ಲ, ಗದ್ದಲವಿಲ್ಲ.

"ಏನ್ರೀ ಇದು, ಲಗ್ನಕ್ಕ ಬಂದವ್ರಿಗೆ ಪನ್ನೀರ ಹೊಡದಂಗ ಹೊಡ್ಯಾಕತ್ತೀರಿ! ನಮ್ಮ ಗ್ವಾಡಿ ಏನ್ ಬೀಗರೇನು?" ಎಂದರು ಚನ್ನಬಸಪ್ಪ. ಕಟ್ಟೆ ಗೊಳ್ಳೆಂದು ನಕ್ಕಿತು.

ಔಷಧಿ ಹೊಡೆದಾಯಿತು, ಇನ್ನು ಕಾಯಬೇಕು. ಗೋಡೆ ಮಾತ್ರ ಕಪ್ಪಗೇ ನಿಂತಿತ್ತು. ಗಂಗವ್ವ ಗೆರೆಯ ಪಕ್ಕದಿಂದ ಕದಲಲಿಲ್ಲ. ನಿಜ ಹೇಳುತ್ತೇನೆ, ಅಷ್ಟು ಹಳೆಯ ಗಾರೆಯ ಮೇಲೆ ನಾನು ಹಿಂದೆಂದೂ ಕೈ ಇಟ್ಟಿರಲಿಲ್ಲ. "ಕೆಲಸಾನ ಬರಂಗಿಲ್ಲ ಇವ್ಗ" ಎಂದು ಕಟ್ಟೆಯಿಂದ ಒಬ್ಬ ನನಗೆ ಕೇಳುವಷ್ಟು ಮೆಲ್ಲಗೆ ಹೇಳಿದ.

ಆಗ ಹೊಳೆಯಿತು. ಕೆಂಪನ್ನು ಸಿಕ್ಕಿಸಿ, ಗೋಡೆಯಿಂದ ದೂರ, ದನಗಳಿಗೆ ನೀರು ಕುಡಿಸುವ ದೋಣಿಯ ಮುಂದಿನ ಕರಿಕಲ್ಲಿನತ್ತ ಬಿಟ್ಟೆ. ಹೋ! ಮಷೀನು ಗರ್ಜಿಸಿತು, ಕೋಳಿಗಳು ಛಾವಣಿ ಏರಿದವು, ಎಮ್ಮೆ ಗೂಟ ಕೀಳಲು ನೋಡಿತು, ಮಗ್ಗುಲ ಮನೆಯವರು ನಿಜವಾಗಿಯೂ ಹೊರಗೆ ಬಂದರು. "ಹಾಂ! ಇದಕ್ಕ ಅಂತಾರ ಕೆಲಸಾ!" ಎಂದು ಚನ್ನಬಸಪ್ಪ ತೊಡೆ ತಟ್ಟಿದರು. ಎಲ್ಲರೂ ಕಲ್ಲನ್ನೇ ನೋಡುತ್ತಿರುವಾಗ, ಅವರ ಬೆನ್ನ ಹಿಂದೆ ಗೋಡೆ ತನ್ನ ಪಾಡಿಗೆ ತಾನು ಬೆಳ್ಳಗಾಗತೊಡಗಿತ್ತು.

ಬಿಳಿ ನಾಜಲ್ ಹಿಡಿದು, ದೂರ ನಿಂತು ತಿಳಿನೀರು ಹಾಯಿಸಿದೆ. ಕಪ್ಪು ಇಳಿದು ಹೋಯಿತು. ಮೂರು ಗೆರೆಗಳು ನಿನ್ನೆ ಎಳೆದಂತೆ ಎದ್ದು ನಿಂತವು, ನಡುವಿನದು ಮಾತ್ರ ತುದಿಯಲ್ಲಿ ತುಸು ಸೊಟ್ಟ. ನಾನೇ ಕೆಡಿಸಿದೆನೇ ಎಂದು ನನ್ನ ಜೀವ ಹಾರಿತು. ಗಂಗವ್ವ ಆ ಸೊಟ್ಟಿನ ಮೇಲೆ ಬೆರಳಾಡಿಸಿದರು.

"ಕುಡಗೋಲ ಬಿದ್ದು ಅವ್ರ ನಡಬೆರಳ ಡೊಂಕಾಗಿತ್ತು. ಈ ಕರ್ರನ ಹೊಲಸಿನಾಗ ಇದ ಕಾಣತಿದ್ದಿಲ್ಲ ನೋಡು" ಎಂದರು.

ನನಗೆ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ಮೆತ್ತನೆಯ ನಾಜಲ್ ಎತ್ತಿ ಹಿಡಿದು, ಅದರ ಮಹಿಮೆಯನ್ನು ಇಡೀ ಕಟ್ಟೆಗೆ ಬೋಧಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಚನ್ನಬಸಪ್ಪ ಸಾರಿಬಿಟ್ಟಿದ್ದರು: "ಎಲ್ಲಾ ಆ ಕೆಂಪಂದರ ಪ್ರತಾಪ! ಒಂದ ಹೊಡತಕ್ಕ ಬೆಳ್ಳಗ!" ಗಂಗವ್ವ ಒಳಗಿನಿಂದ ವಿಭೂತಿ ತಂದು, ಟವೆಲ್ಲಿನ ಮೇಲಿದ್ದ ಕೆಂಪು ನಾಜಲ್ಲಿಗೆ ಭಕ್ತಿಯಿಂದ ಬಳಿದರು. ವಿಭೂತಿ ಬಿದ್ದ ಮೇಲೆ ತಕರಾರು ಎತ್ತಲು ನಾನ್ಯಾರು?

ಈಗ ಓಣಿಯೆಲ್ಲ ನನ್ನದೇ. ಆದರೆ ಫೋನು ಬಂದಾಗಲೆಲ್ಲ ಕೇಳುವುದು ಒಂದೇ ಮಾತು: "ಕೆಂಪಂದು ತರ್ತೀರಲ್ರೀ?" ತರುತ್ತೇನೆ. ಅದಕ್ಕೆ ಬೇರೆ ಡಬ್ಬಿ ಮಾಡಿಸಿದ್ದೇನೆ. ಪ್ರತಿ ಅಂಗಳದಲ್ಲೂ ಮೊದಲು ಯಾವುದಾದರೊಂದು ಕಲ್ಲಿಗೆ ಅದರಿಂದ ಗರ್ಜಿಸಿ, ಆಮೇಲೆ ಗೋಡೆಯ ಕಡೆ ಮೆಲ್ಲಗೆ ತಿರುಗುತ್ತೇನೆ. ಮೊನ್ನೆ ಮುಂಡಗೋಡ ಕಡೆಯ ಇಂದೂರಿನ ಯಜಮಾನರೊಬ್ಬರು, ನನ್ನಂಥದೇ ಗಿರಾಕಿ, ಫೋನಿನಲ್ಲಿ ಚೌಕಾಸಿಗೆ ಇಳಿದರು.

"ಕೆಂಪಂದು ಹೊಡೀತೀರಿ, ಖರೇ. ಮ್ಯಾಲ ಕೊಸರಿಗೆ ಏನ್ ಮಾಡ್ತೀರಿ?"

ಗಂಟಲು ಸರಿಮಾಡಿಕೊಂಡು ಹೇಳಿದೆ: "ಕೊಸರಿಗೆ ನಿಮ್ಮ ಗ್ವಾಡಿ ತೊಳದ ಕೊಡ್ತೇನ್ರಿ."