ಸಾಯುವ ಮುನ್ನವೇ ಬನ್ನಿ

ಮೇಸ್ತ್ರಿ: "ಸಾಯುವ ಮುನ್ನವೇ ಬನ್ನಿ, ನೆಮ್ಮದಿಯಾಗಿ ಹೋಗಿ!" ಈ ಪಾಂಪ್ಲೆಟ್ಟನ್ನ ಮನೆಮನೆಗೂ ಹಂಚಿ ಬಂದ್ಯಾ? ನಿನಗೆ ಬುದ್ಧಿಗಿದ್ಧಿ ಇದೆಯೇನೇ?

ಮಗಳು: ಕೆಳಗೆ ಫೋನ್ ನಂಬರೂ ಹಾಕಿಸಿದೀನಿ ಅಪ್ಪಾ, ಅದನ್ನೂ ಓದು.

ಶವಪೆಟ್ಟಿಗೆ ಮಾಡುವುದರಲ್ಲಿ ಮೇಸ್ತ್ರಿಯದು ಪಳಗಿದ ಕೈ. ಎಪ್ಪತ್ತೆರಡಾದರೂ ಉಳಿ ಹಿಡಿದರೆ ನಡುಕವಿಲ್ಲ, ನಾಲಿಗೆಗಂತೂ ಮೊದಲೇ ಇಲ್ಲ. ಆದರೆ ರಸ್ತೆಯ ಆ ತುದಿಯಲ್ಲಿ ಸೋಫಾ, ಏಸಿ, ಗೋಡೆಯಗಲದ ಟಿ.ವಿ. ಇಟ್ಟುಕೊಂಡು ಅಂತ್ಯಸಂಸ್ಕಾರಕ್ಕೆ 'ವಿದಾಯ ಸಮಾರಂಭ' ಎಂದು ಹೆಸರಿಟ್ಟ ಕಂಪನಿಯೊಂದು ಶುರುವಾದಾಗಿನಿಂದ ಇವರ ಅಂಗಡಿಯ ಮೆಟ್ಟಿಲು ಹತ್ತುವವರೇ ಇಲ್ಲ. ತಿಂಗಳು ಮುಗಿಯುತ್ತಲೇ ಬಾಗಿಲು ಹಾಕುವುದೆಂದು ಅಪ್ಪನ ಹಟ. ಸುತರಾಂ ಬಿಡುವುದಿಲ್ಲವೆಂದು ಮಗಳದು.

ಮೇಸ್ತ್ರಿ: ಸತ್ತೋರ ಮನೆಯವರು ತಾವಾಗೇ ಬರಬೇಕು. ನಾವು ಕರೀಬಾರದು. ಅದು ಮರ್ಯಾದೆ.

ಮಗಳು: ಆ ಮರ್ಯಾದೆ ಇಟ್ಕೊಂಡೇ ಎರಡು ತಿಂಗಳಿಂದ ನೊಣ ಹೊಡೀತಾ ಕೂತಿದೀವಿ. ಕಾಲ ಬದಲಾಗಿದೆ ಅಪ್ಪಾ. ಈಗ ಎಲ್ಲಾ ಮೊದಲೇ ಗೊತ್ತುಮಾಡ್ಕೋತಾರೆ. ಹಾಡು, ಫೋಟೋ, ಬಲೂನು...

ಮೇಸ್ತ್ರಿ: ಬಲೂನಾ! ಯಾರ ಕೈಗೆ ಕೊಡ್ತಾರೆ, ಹೆಣದ ಕೈಗಾ?

ಅಷ್ಟರಲ್ಲಿ ಅದೇ ಪಾಂಪ್ಲೆಟ್ಟನ್ನು ಬೀಸಣಿಗೆ ಮಾಡಿಕೊಂಡು ಹಿಂದಿನ ಬೀದಿಯ ಟೈಲರಮ್ಮ ಒಳಗೆ ಬಂದರು. ಮೇಸ್ತ್ರಿಗೆ ಅವರ ಪರಿಚಯವಿಲ್ಲ. ವಯಸ್ಸಾದವರನ್ನು ಕಂಡೊಡನೆ ಮೇಸ್ತ್ರಿಯ ದನಿ ಅಭ್ಯಾಸಬಲದಿಂದ ತಾನೇ ತಾನಾಗಿ ಇಳಿಯಿತು.

ಮೇಸ್ತ್ರಿ: ಕೂತ್ಕೊಳ್ಳಿ ಅಮ್ಮಾ. ಧೈರ್ಯ ತಂದ್ಕೊಳ್ಳಿ. ಯಾವಾಗ ಹೋದ್ರು?

ಟೈಲರಮ್ಮ: ಯಾರು?

ಮೇಸ್ತ್ರಿ: ನಿಮ್ಮ ಯಜಮಾನ್ರು.

ಟೈಲರಮ್ಮ: ಅವರು ಹೋಗಿ ಹನ್ನೆರಡು ವರ್ಷ ಆಯ್ತು.

ಮೇಸ್ತ್ರಿ: (ಬೆಚ್ಚಿ) ಹನ್ನೆರಡು ವರ್ಷ ಮನೇಲೇ ಇಟ್ಕೊಂಡಿದ್ರಾ?

ಟೈಲರಮ್ಮ: ಥೂ ನಿಮ್ಮ! ಪೆಟ್ಟಿಗೆ ಬೇಕಾಗಿರೋದು ನನಗೆ!

ಮಗಳು: (ಕುರ್ಚಿ ಒರೆಸುತ್ತ) ಮುಂಗಡವಾಗಿ ಗೊತ್ತುಮಾಡೋಕೆ ಬಂದಿದಾರೆ ಅಪ್ಪಾ! ಬನ್ನಿ ಅಮ್ಮಾ, ಈ ಫಾರಂ ತುಂಬಿಬಿಡಿ.

ಟೈಲರಮ್ಮ: "ಕಾರ್ಯಕ್ರಮದ ದಿನಾಂಕ"... ಇಲ್ಲೇನು ಬರೀಲಮ್ಮಾ? "ಗಂಡಿನ ಕಡೆಯವರಿಗೆ ಎಷ್ಟು ಕೋಣೆ ಬೇಕು?"

ಮಗಳು: ಅದು... ಮದುವೆ ಹಾಲ್‌ನೋರ ಫಾರಂ ನೋಡ್ಕೊಂಡು ಮಾಡಿದ್ದು. ಆ ಸಾಲು ಹೊಡೆದುಹಾಕಿ.

ಮೇಸ್ತ್ರಿ: ನನ್ನ ತಲೆ ನಾನೇ ಹೊಡ್ಕೋಬೇಕು! ಅಮ್ಮಾ, ನೀವು ಗುಂಡುಕಲ್ಲಿನ ಹಾಗಿದೀರಿ. ಸುಮ್ನೆ ಮನೆಗೆ ಹೋಗಿ, ಹದಿನೈದು ವರ್ಷ ಬಿಟ್ಟು ಬನ್ನಿ.

ಮಗಳು: ಬಂದ ಒಬ್ಬ ಗಿರಾಕೀನೂ ಓಡಿಸ್ತೀಯಲ್ಲ ಅಪ್ಪಾ!

ಟೈಲರಮ್ಮ: ಓಡೋಳಲ್ಲ ನಾನು. ನಲವತ್ತು ವರ್ಷ ಊರ ಹೆಂಗಸರಿಗೆಲ್ಲ ಅಳತೆ ತೆಗೆದು ಹೊಲಿದಿದೀನಿ. ಆ ಕಂಪನಿಗೂ ಹೋಗಿದ್ದೆ. ಎಲ್ಲರಿಗೂ ಒಂದೇ ಸೈಜಂತೆ, ಜಾಗ ಉಳಿದ್ರೆ ಸಂದಿಗೆ ದಿಂಬು ತುರುಕ್ತಾರಂತೆ! ರೆಡಿಮೇಡ್ ಹಾಕ್ಕೊಂಡು ಬದುಕಿದೋಳಲ್ಲ ನಾನು. ರೆಡಿಮೇಡ್‌ನಲ್ಲಿ ಹೋಗ್ತೀನಾ?

ಸಂದಿಗೆ ದಿಂಬು! ಮೇಸ್ತ್ರಿಯ ಮೈ ಉರಿದುಹೋಯಿತು. ಜೊತೆಗೇ, ಕಸುಬು ಬಲ್ಲ ಜೀವವೊಂದು ಇನ್ನೂ ಊರಲ್ಲಿದೆಯಲ್ಲ ಎಂದು ಎದೆಯೂ ತುಂಬಿ ಬಂತು. ಅವರು ಟೈಲರಮ್ಮನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

ಮೇಸ್ತ್ರಿ: ಐದು ಅಡಿ ಒಂದೂವರೆ ಅಂಗುಲ. ಎಡ ಭುಜ ಸ್ವಲ್ಪ ಇಳಿದಿದೆ.

ಟೈಲರಮ್ಮ: ಮೆಷಿನ್ ಮೇಲೆ ಬಗ್ಗಿ ಬಗ್ಗಿ ಇಳೀತು. ಟೇಪಿಲ್ಲದೆ ಹೇಳಿಬಿಟ್ರಲ್ಲ! ಆಯ್ತು, ಪೆಟ್ಟಿಗೆ ನಿಮ್ಮ ಕೈಯಿಂದಲೇ ಆಗಬೇಕು.

ಮೇಸ್ತ್ರಿ: ನನ್ನ ಕೈಯಿಂದಲೇ. ಮಾತು ಕೊಟ್ಟೆ.

ಟೈಲರಮ್ಮ: ಈಗಲೇ ಮಾಡಿ ಮೂಲೆಗಿಡೋ ಹಾಗಿಲ್ಲ. ವಯಸ್ಸಾಗ್ತಾ ಮೈ ಕುಗ್ಗುತ್ತೆ. ಕೊನೇ ಅಳತೆಗೇ ಮಾಡಬೇಕು.

ಮೇಸ್ತ್ರಿ: ಬಲ್ಲೋರ ಮಾತು! ಹಾಗೇ ಆಗಲಿ.

ಮಗಳು: (ಫಾರಂ ಎಳೆದುಕೊಂಡು) ಮಾತು ಕೊಟ್ಟಿದೀಯ ಅಪ್ಪಾ. ಅಲ್ಲೀತನಕ ಅಂಗಡಿಗೆ ಬೀಗ ಹಾಕೋ ಹಾಗಿಲ್ಲ. ಅಮ್ಮಾ, ವಯಸ್ಸು?

ಟೈಲರಮ್ಮ: ಅರವತ್ತಾರು. ನಮ್ಮ ಮನೆತನದ ಹೆಂಗಸರು ತೊಂಬತ್ತೈದಕ್ಕೆ ಮೊದಲು ಹೋದೋರೇ ಇಲ್ಲ.

ಮೇಸ್ತ್ರಿ ಬೆರಳು ಮಡಚಿ ಲೆಕ್ಕ ಹಾಕಿದರು. ಕೈಬೆರಳು ಸಾಲದೆ ಗೋಡೆಯ ಕ್ಯಾಲೆಂಡರ್ ನೋಡಿದರು. ಮುಖ ಬಿಳುಚಿಕೊಂಡಿತು.

ಮೇಸ್ತ್ರಿ: ಅಂದ್ರೆ... ನಾನು ನೂರೊಂದು ವರ್ಷದವರೆಗೂ ಇರಬೇಕಾ?

ಟೈಲರಮ್ಮ ಎದ್ದು ನಿಂತು, ಅವರ ಕಿವಿಯ ಸಂದಿಯಲ್ಲಿದ್ದ ಸಿಗರೇಟನ್ನು ಎಳೆದು ತಮ್ಮ ಕೈಚೀಲಕ್ಕೆ ಹಾಕಿಕೊಂಡರು.

ಟೈಲರಮ್ಮ: ಇರಲೇಬೇಕು. ಇವತ್ತಿಂದ ಇದು ಬಂದ್. ನಿಮ್ಮನ್ನೇ ನಂಬ್ಕೊಂಡು ಸಾಯಬೇಕು ಅಂತಿದೀನಿ, ನಡುನೀರಲ್ಲಿ ಕೈ ಬಿಟ್ಟುಬಿಟ್ಟೀರಿ ಮತ್ತೆ!